ಪ್ಯಾರಿಸಿನ ಹಸ್ತಪ್ರತಿಯೂ ರಾಯರ ಕೆರೆಯೂ

(ಆಕಾಶವಾಣಿ ಭಾಷಣದ ಪಾಠ)



ಹೊಸಪೇಟೆಯ ಇತಿಹಾಸವನ್ನು ಓದಬೇಕಾದರೆ ಹೊಸಪೇಟೆಯನ್ನು ಬಿಟ್ಟು ಹೋಗಬೇಕು. ಇದು ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತ ಮೊದಲನೆಯ ಪಾಠ. 1981ರಲ್ಲಿ, ಕನ್ನಡ ಎಂ.ಎ. ತರಗತಿಯಲ್ಲಿದ್ದ ನನಗೆ ರಾಬರ್ಟ್ ಸಿವೆಲ್ಲನ 'ಎ ಫರ್ಗಾಟನ್ ಎಂಪೈರ್' ಎಂಬ ಗ್ರಂಥ ಬೇಕಾಯಿತು. ವಿಜಯನಗರವನ್ನು ಕುರಿತು 1900ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ ಅದು. ವಿಜಯನಗರದ ಮಗ್ಗುಲಲ್ಲೇ ಹುಟ್ಟಿ ಬೆಳೆದ ನನಗೆ ಅದರ ಒಂದು ಪ್ರತಿಯೂ ಊರಿನಲ್ಲಿ ದೊರೆಯಲಿಲ್ಲ. ರೈಲು ಹತ್ತಿ ದೂರದ ಒಂದು ಪಟ್ಟಣದ ಗ್ರಂಥಾಲಯಕ್ಕೆ ಹೋದೆ. ಮನೆಗೆ ಒಯ್ಯುವಂತಿಲ್ಲ, ಇಲ್ಲಿಯೇ ಕುಳಿತು ಓದಬಹುದು ಎಂದರು. ನನ್ನ ಬಳಿ ಇದ್ದದ್ದು ಎರಡೇ ದಿನದ ಖರ್ಚಿನ ಹಣ. ಆ ಎರಡು ದಿನವೂ ಬೆಳಗಿನಿಂದ ಸಂಜೆಯವರೆಗೆ ಕೈ ಸೋಲುವಷ್ಟು ಬರೆದುಕೊಂಡೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಬೇಕಾದದ್ದು ಕೃಷ್ಣದೇವರಾಯನ ಆಸ್ಥಾನ, ಮಹಾನವಮಿಯ ವೈಭವ. ಅವಷ್ಟನ್ನು ಬರೆದುಕೊಂಡು, ಉಳಿದ ಪುಟಗಳನ್ನು ಅವಸರದಲ್ಲಿ ಮಗುಚಿ, ಪುಸ್ತಕವನ್ನು ಹಿಂದಿರುಗಿಸಿ ಬಂದೆ.

ಹಾಗೆ ಮಗುಚಿಬಿಟ್ಟ ಪುಟಗಳಲ್ಲಿ ನನ್ನ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿರುವ ರಾಯರ ಕೆರೆಯ ಕಥೆಯಿತ್ತು. ಅದು ನನಗೆ ತಿಳಿಯಲು ಮುಂದೆ ಸುಮಾರು ನಲವತ್ತು ವರ್ಷ ಬೇಕಾಯಿತು.

2020ರಲ್ಲಿ, ಎಲ್ಲರೂ ಮನೆಯೊಳಗೆ ಕುಳಿತ ಆ ತಿಂಗಳುಗಳಲ್ಲಿ, ನನ್ನ ಮೊಮ್ಮಗಳು ತನ್ನ ಪಾಠಕ್ಕೆಂದು ತಂದಿದ್ದ ಗಣಕಯಂತ್ರವನ್ನು ನನ್ನ ಮುಂದಿಟ್ಟು, “ತಾತ, ನಿನಗೆ ಬೇಕಾದ ಪುಸ್ತಕದ ಹೆಸರು ಹೇಳು” ಎಂದಳು. ನಾನು ಸಿವೆಲ್ಲನ ಹೆಸರು ಹೇಳಿದೆ. ಕಾಫಿ ಆರುವುದರೊಳಗೆ ಪುಸ್ತಕ ಕಣ್ಣ ಮುಂದಿತ್ತು. ನಾನು ಸುಮ್ಮನೆ ಕುಳಿತೆ. ರೈಲಿನ ಖರ್ಚು, ಎರಡು ದಿನದ ಊಟ, ನೋಯುವ ಕೈ ಎಲ್ಲವೂ ನೆನಪಾದವು. ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ಇನ್ನೇನು ಬೇಕು?” ಎಂದು ಕೇಳಿದಳು. ಇನ್ನೇನು ಬೇಕು ಎಂಬ ಆ ಪ್ರಶ್ನೆಯ ಹಿಂದೆ ಹೊರಟ ನಾನು ಈವರೆಗೂ ಹಿಂದಿರುಗಿಲ್ಲ.

ಇಂದು ಜಗತ್ತಿನ ಅನೇಕ ರಾಷ್ಟ್ರೀಯ ಗ್ರಂಥಾಲಯಗಳು ತಮ್ಮ ಹಳೆಯ ಹಸ್ತಪ್ರತಿ, ನಕ್ಷೆ, ಛಾಯಾಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದು ಅಂತರ್ಜಾಲದಲ್ಲಿ ಇರಿಸಿವೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 1997ರಲ್ಲಿಯೇ 'ಗ್ಯಾಲಿಕಾ' ಎಂಬ ಹೆಸರಿನಲ್ಲಿ ಈ ಕೆಲಸವನ್ನು ಆರಂಭಿಸಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದ ಬಂದ ಕಾಗದಪತ್ರಗಳ ರಾಶಿಯೇ ಇದೆ. ಅದರ ಒಂದು ಪಾಲು ಚಿತ್ರರೂಪದಲ್ಲಿ ಹೊರಬಂದಿದೆ. ನಮ್ಮಲ್ಲಿಯೂ ಖರಗಪುರದ ಐ.ಐ.ಟಿ. ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ಲೋಕಾರ್ಪಣೆಯಾಯಿತು. ಬಾಗಿಲುಗಳೇನೋ ತೆರೆದಿವೆ. ಆದರೆ ಒಳಗೆ ಹೋಗುವುದು ನಾವು ಎಣಿಸಿದಷ್ಟು ಸುಲಭವಲ್ಲ.

ಮೊದಲನೆಯ ತೊಡಕು ಹೆಸರಿನದು. ನಾನು 'ಹಂಪಿ' ಎಂದು ಹುಡುಕಿಸಿದೆ. ಪ್ರವಾಸಿಗರ ಚಿತ್ರಗಳೇ ಹೆಚ್ಚಾಗಿ ಬಂದವು. ಆಮೇಲೆ ಹೊಳೆಯಿತು, ಇನ್ನೂರು ಮುನ್ನೂರು ವರ್ಷಗಳ ಹಿಂದಿನ ಪರದೇಶಿಯು ನಮ್ಮ ಊರನ್ನು ನಾವು ಕರೆದಂತೆ ಕರೆಯಲಿಲ್ಲ. ಪೋರ್ಚುಗೀಸರಿಗೆ ಅದು ಬಿಸ್ನಾಗ. ಪಾರಸಿಯಲ್ಲಿ ಬರೆದವರಿಗೆ ಬಿಜಾನಗರ. ಇಂಗ್ಲಿಷ್ ನಕ್ಷೆ ಬರೆದವರಿಗೆ ಬಿಸ್ನಗರ್. ಆನೆಗೊಂದಿ ಅವರ ಬಾಯಲ್ಲಿ ಅನ್ನಗುಂಡಿಯಾಗಿದೆ. ನಮ್ಮ ಹೊಸಪೇಟೆಯಂತೂ 2014ರವರೆಗೆ ಸರಕಾರಿ ಇಂಗ್ಲಿಷಿನಲ್ಲಿ 'ಹಾಸ್ಪೆಟ್'. ಅದಕ್ಕೂ ಹಿಂದೆ, ರಾಯರ ಕಾಲಕ್ಕೆ, ಅದು ನಾಗಲಾಪುರ. ಈ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದಾಗಿ ಕೇಳಿದಾಗ, ಮುಚ್ಚಿದ ಪೆಟ್ಟಿಗೆಗಳು ಒಂದೊಂದಾಗಿ ತೆರೆದವು. ಹಳಗನ್ನಡದ ಪಾಠಾಂತರಗಳನ್ನು ಹುಡುಕಿ ಪಳಗಿದ ನನಗೆ ಇದು ಪರಿಚಿತವಾದ ಕೆಲಸವೇ. ಅಪಭ್ರಂಶವನ್ನು ತಪ್ಪೆಂದು ತಳ್ಳಿಹಾಕುವವನಿಗೆ ಈ ಭಂಡಾರದಲ್ಲಿ ಏನೂ ದೊರೆಯದು.

ಹಾಗೆ ದೊರೆತವುಗಳಲ್ಲಿ ಮೊದಲನೆಯದು 1799ರಲ್ಲಿ ಬಣ್ಣಗಳಲ್ಲಿ ಬರೆದ ಹಂಪಿಯ ಒಂದು ನಕ್ಷೆ. ಅದನ್ನು ಮಾಡಿಸಿದವನು ಕಾಲಿನ್ ಮೆಕೆಂಜಿ. ಸ್ಕಾಟ್‌ಲೆಂಡಿನ ಲೂಯಿಸ್ ದ್ವೀಪದಲ್ಲಿ 1754ರಲ್ಲಿ ಹುಟ್ಟಿದ ಈತ ಕಂಪೆನಿಯ ಸೈನ್ಯದ ಎಂಜಿನಿಯರಾಗಿ ಬಂದವನು, 1815ರಲ್ಲಿ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆದವನು, 1821ರಲ್ಲಿ ತೀರಿಕೊಂಡವನು. ಶ್ರೀರಂಗಪಟ್ಟಣ ಬಿದ್ದ ವರ್ಷವೇ ಅವನ ಜನ ಹಂಪಿಯನ್ನು ಅಳೆದಿದ್ದಾರೆ. ನೆಲವನ್ನು ಗೆದ್ದವರಿಗೆ ನೆಲದ ಅಳತೆ ಬೇಕಾಗಿತ್ತು ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಆದರೆ ಆ ಮನುಷ್ಯನಿಗೆ ಅಳತೆಯಷ್ಟೇ ಸಾಲಲಿಲ್ಲ. ಊರೂರುಗಳ ಕಥೆಯೂ ಬೇಕಾಯಿತು. ಅದನ್ನು ಕೂಡಿಸಿಕೊಟ್ಟವರು ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ತೆಲುಗು ಸೋದರರು ಮತ್ತು ಅವರೊಡನೆ ಊರೂರು ತಿರುಗಿದ ಸಹಾಯಕರು. ಶಾನುಭೋಗರೂ ಊರಿನ ಹಿರಿಯರೂ ಹೇಳಿ ಬರೆಸಿದ ಆ ವೃತ್ತಾಂತಗಳೇ ಕೈಫಿಯತ್ತುಗಳು. ಅವುಗಳ ಒಂದು ದೊಡ್ಡ ಭಾಗ ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಉಳಿದಿದೆ. ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಪ್ರಕಟಿಸಿದೆ. ನಕ್ಷೆ ಲಂಡನ್ನಿನಲ್ಲಿ, ಕಥೆ ಮದರಾಸಿನಲ್ಲಿ, ಅಚ್ಚಾದ ಪುಸ್ತಕ ಹಂಪಿಯಲ್ಲಿ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿಕೊಳ್ಳುವುದು ಹಿಂದೆ ಯಾವ ವಿದ್ವಾಂಸನಿಗೂ ಸುಲಭವಾಗಿರಲಿಲ್ಲ. ಇಂದು ಹೊಸಪೇಟೆಯ ನಿವೃತ್ತ ಮೇಷ್ಟ್ರೊಬ್ಬನಿಗೆ ಅದು ಸಾಧ್ಯವಾಗಿದೆ.

ಇನ್ನು ರಾಯರ ಕೆರೆಯ ಮಾತಿಗೆ ಬರುತ್ತೇನೆ.

ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ, ಕುದುರೆ ವ್ಯಾಪಾರಿಯಾಗಿದ್ದ ಫರ್ನಾವೊ ನೂನಿಜ್ ಸುಮಾರು 1535ರಲ್ಲಿ, ತಾವು ಕಂಡು ಕೇಳಿದ ವಿಜಯನಗರವನ್ನು ಪೋರ್ಚುಗೀಸ್ ಭಾಷೆಯಲ್ಲಿ ಬರೆದರು. ಆ ಬರಹಗಳ ಹಸ್ತಪ್ರತಿ ಎಲ್ಲೆಲ್ಲಿಯೋ ಅಲೆದು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಮೂರೇ ವರ್ಷದಲ್ಲಿ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ. ಅಂದರೆ, ಕೃಷ್ಣದೇವರಾಯನ ರಾಜಧಾನಿಯನ್ನು ಕಣ್ಣಾರೆ ಕಂಡವರ ಮಾತು ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕಿ ಅಚ್ಚಿನ ಮುಖ ಕಾಣದೆ ಕುಳಿತಿತ್ತು. ಒಬ್ಬ ಗ್ರಂಥಪಾಲಕ ಅದನ್ನು ರದ್ದಿಯೆಂದು ಎಸೆದಿದ್ದರೆ, ಇಂದು ನಾವು ಮಕ್ಕಳಿಗೆ ಹೇಳುವ ವಿಜಯನಗರದ ಕಥೆಯಲ್ಲಿ ಅರ್ಧಕ್ಕರ್ಧ ಬಣ್ಣವಿರುತ್ತಿರಲಿಲ್ಲ.

ಆ ಪಾಯೆಸ್ ನಮ್ಮ ಊರಿನ ಪಕ್ಕದಲ್ಲಿ ಕೆರೆ ಕಟ್ಟುತ್ತಿದ್ದುದನ್ನು ನೋಡಿದ್ದಾನೆ. ಎರಡು ಗುಡ್ಡಗಳ ನಡುವೆ ಏರಿ. ಅದಕ್ಕಾಗಿ ಒಂದು ಗುಡ್ಡವನ್ನೇ ಒಡೆಸಿದ್ದಾರೆ. ದಂಡನಾಯಕರಿಗೆ ಕೆಲಸವನ್ನು ಹಂಚಿಕೊಟ್ಟಿದ್ದಾರೆ. ಹದಿನೈದು ಇಪ್ಪತ್ತು ಸಾವಿರ ಆಳು ದುಡಿಯುತ್ತಿದ್ದಾರೆ, ಕಾಲಿಡುವ ನೆಲವೇ ಕಾಣುವುದಿಲ್ಲ. ಏರಿ ಎರಡು ಮೂರು ಸಾರಿ ಒಡೆಯಿತಂತೆ. ಆಗ ಬಲಿ ಕೊಟ್ಟರು ಎಂಬ ಮಾತನ್ನು ಇಬ್ಬರೂ ಬರೆದಿದ್ದಾರೆ. ಪಾಯೆಸ್ ಅರುವತ್ತು ಮಂದಿ ಎನ್ನುತ್ತಾನೆ. ನೂನಿಜ್ ಮರಣದಂಡನೆಗೆ ಅರ್ಹರಾದ ಕೈದಿಗಳು ಎನ್ನುತ್ತಾನೆ. ಇಬ್ಬರ ಮಾತೂ ಒಂದೇ ಆಗಿಲ್ಲ ಎಂಬುದನ್ನು ಓದುವವನು ಗಮನಿಸಬೇಕು. ನೂನಿಜ್ ಇನ್ನೊಂದು ಸ್ವಾರಸ್ಯವನ್ನು ಹೇಳುತ್ತಾನೆ. ಕೆಲಸಕ್ಕಾಗಿ ಗೋವೆಯಿಂದ ಜೊವಾವೊ ಡೆ ಲಾ ಪಾಂಟೆ ಎಂಬ ಕಲ್ಲುಕೆಲಸದ ಮೇಸ್ತ್ರಿಯನ್ನು ರಾಯನು ಕರೆಸಿಕೊಂಡನಂತೆ. ಆತ ಸುಣ್ಣ ಸಿದ್ಧಮಾಡಿಸಿ ಎಂದಾಗ ರಾಯನಿಗೆ ನಗು ಬಂದಿತಂತೆ. ಕೆರೆಯಾದ ಮೇಲೆ ಅದರ ಕೆಳಗಿನ ನೆಲವನ್ನು ಒಂಬತ್ತು ವರ್ಷ ತೆರಿಗೆಯಿಲ್ಲದೆ ರೈತರಿಗೆ ಬಿಟ್ಟುಕೊಟ್ಟರು. ಆಮೇಲೆ ಅದರಿಂದ ಬಂದ ಆದಾಯ ಇಪ್ಪತ್ತು ಸಾವಿರ ವರಹ.

ಇದನ್ನು ಓದಿದ ಮರುದಿನ ಬೆಳಗ್ಗೆ ನಾನು ರಾಯರ ಕೆರೆಯ ಕಡೆಗೆ ಹೋದೆ. ಬಾಲ್ಯದಿಂದ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಅದು ನೀರು ನಿಲ್ಲದ ಕೆರೆ, ಹೊಲಗಳಾಗಿ ಹೋದ ಕೆರೆ. ನಮಗೆ ಅದರ ಹೆಸರಿನಲ್ಲಿ ಮಾತ್ರ ರಾಯರಿದ್ದರು. ಆ ಬೆಳಗ್ಗೆ ಏರಿಯ ಮಣ್ಣನ್ನು ನೋಡುತ್ತ ನಿಂತಾಗ, ಹದಿನೈದು ಸಾವಿರ ಜನರ ತಲೆಯ ಮೇಲಿನ ಬುಟ್ಟಿಗಳು ಕಂಡವು. ಅವರಲ್ಲಿ ಒಬ್ಬನ ಹೆಸರೂ ಯಾವ ಪುಸ್ತಕದಲ್ಲಿಯೂ ಇಲ್ಲ. ಗೋವೆಯಿಂದ ಬಂದ ಮೇಸ್ತ್ರಿಯ ಹೆಸರಿದೆ. ಮಣ್ಣು ಹೊತ್ತವರ ಹೆಸರಿಲ್ಲ. ಪ್ಯಾರಿಸಿನ ಹಸ್ತಪ್ರತಿಯಲ್ಲಿ ಬಿಟ್ಟುಹೋದದ್ದು ಇಲ್ಲಿಯ ಏರಿಯಲ್ಲಿ ಇದೆ. ಏರಿ ಹೇಳಲಾರದ್ದು ಆ ಹಸ್ತಪ್ರತಿಯಲ್ಲಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವನು ಅರ್ಧವನ್ನೇ ಓದಿದಂತೆ.

ಇಂಥದೇ ಇನ್ನೊಂದು ಅನುಭವ ಹಂಪಿಯ ಕಲ್ಲಿನ ರಥದ್ದು. 2017ರಿಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದು ಎಲ್ಲರ ಜೇಬಿನಲ್ಲಿಯೂ ಇದೆ. ಅದು ಹಾಗೆಯೇ ಇತ್ತು ಎಂದು ನಾವೆಲ್ಲ ನಂಬಿದ್ದೇವೆ. ಆದರೆ 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ಮೇಲೆ ಹಿಡಿದ ಛಾಯಾಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ! ಇಂದು ಆ ಶಿಖರವಿಲ್ಲ. ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು, 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ, ಹಾಳಾದ ಪಟ್ಟಣವೂ ಮತ್ತೆ ಹಾಳಾಗುತ್ತ ಇರುತ್ತದೆ, ಬದಲಾಗುತ್ತ ಇರುತ್ತದೆ ಎಂಬುದು ಮನದಟ್ಟಾಗುತ್ತದೆ.

ಇಷ್ಟೆಲ್ಲ ಕಂಡು ಹಿಗ್ಗಿದ್ದ ನನಗೆ 2023ರ ಕೊನೆಯಲ್ಲಿ ಒಂದು ಪೆಟ್ಟು ಬಿತ್ತು. ಒಂದು ದಿನ ಬ್ರಿಟಿಷ್ ಲೈಬ್ರರಿಯ ತಾಣವನ್ನು ತೆರೆಯಲು ಹೋದರೆ ಬಾಗಿಲು ಮುಚ್ಚಿತ್ತು. ಆಮೇಲೆ ಸುದ್ದಿ ತಿಳಿಯಿತು: ಅಕ್ಟೋಬರ್ ತಿಂಗಳಿನಲ್ಲಿ ಗಣಕಗಳ್ಳರು ಆ ಗ್ರಂಥಾಲಯದ ಜಾಲಕ್ಕೆ ಕನ್ನ ಹಾಕಿದ್ದರು. ಕೇಳಿದಷ್ಟು ಹಣ ಕೊಟ್ಟರೆ ಬಿಡುತ್ತೇವೆ ಎಂದರು, ಗ್ರಂಥಾಲಯ ಕೊಡಲಿಲ್ಲ. ಕದ್ದ ಕಡತಗಳನ್ನು ಅವರು ಬೀದಿಗೆ ಎಸೆದರು. ಹೋಗುವಾಗ ಯಂತ್ರಗಳನ್ನೂ ಕೆಡಿಸಿಟ್ಟು ಹೋದರು. ಗ್ರಂಥಸೂಚಿಯೇ 2024ರ ಜನವರಿಯವರೆಗೆ ಕಾಣಲಿಲ್ಲ. ಡಿಜಿಟಲ್ ಪ್ರತಿಗಳು ಮರಳಿ ಬರಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಮೂಲ ನಕ್ಷೆಗಳು, ಮೂಲ ಹಸ್ತಪ್ರತಿಗಳು ಕಪಾಟಿನಲ್ಲಿ ಭದ್ರವಾಗಿಯೇ ಇದ್ದವು. ಲಂಡನ್ನಿನಲ್ಲಿದ್ದವನಿಗೆ ಕಪಾಟಾದರೂ ಉಂಟು. ಹೊಸಪೇಟೆಯಲ್ಲಿದ್ದವನಿಗೆ ಇದ್ದದ್ದು ಆ ಒಂದು ಕಿಟಕಿ ಮಾತ್ರ.

ನಮ್ಮ ದೇಶದಲ್ಲಿಯೂ ಇಂಥದೊಂದು ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂಬ ಯೋಜನೆಯಲ್ಲಿ ಲಕ್ಷಗಟ್ಟಲೆ ಪುಸ್ತಕಗಳ ಪ್ರತಿ ಸಿದ್ಧವಾಗಿತ್ತು, ಕನ್ನಡದವೂ ಸಾವಿರಾರು. ಕೆಲವು ವರ್ಷಗಳ ಹಿಂದೆ ಆ ತಾಣ ಕಣ್ಮರೆಯಾಯಿತು. ಪುಣ್ಯಕ್ಕೆ ಅವುಗಳಲ್ಲಿ ಬಹಳಷ್ಟನ್ನು ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಗ್ರಹಕ್ಕೆ ಪ್ರತಿ ಮಾಡಿಟ್ಟಿದ್ದರು, ಆದುದರಿಂದ ಉಳಿದವು. 2024ರ ಅಕ್ಟೋಬರಿನಲ್ಲಿ ಆ ಸಂಗ್ರಹಕ್ಕೂ ಕನ್ನ ಬಿದ್ದು, ಕೆಲವು ದಿನ ಅದರ ಬಾಗಿಲೂ ಮುಚ್ಚಿತ್ತು.

ಇದನ್ನೆಲ್ಲ ನೋಡಿದಾಗ ನನಗೆ ನೆನಪಾದವಳು ಅತ್ತಿಮಬ್ಬೆ. ಸಾವಿರ ವರ್ಷಗಳ ಹಿಂದೆ ಆ ತಾಯಿ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ತರಗತಿಯಲ್ಲಿ ನಾನು ಇದನ್ನು ದಾನವೆಂದೇ ಪಾಠ ಹೇಳುತ್ತಿದ್ದೆ. ದಾನವೆಂಬುದು ನಿಜ. ಆದರೆ ಅದರ ಹಿಂದೆ ಒಂದು ವಿವೇಕವೂ ಇದ್ದಿತು: ಒಂದೇ ಪ್ರತಿಯೆಂದರೆ ಗೆದ್ದಲಿಗೆ ಒಂದು ತುತ್ತು, ಸಾವಿರ ಪ್ರತಿಯಾದರೆ ಬೆಂಕಿಯೂ ನೀರೂ ಸಾವಿರ ಮನೆಗೆ ಹೋಗಬೇಕು. ಓಲೆಗರಿಗೆ ಅನ್ವಯಿಸಿದ ಮಾತು ಗಣಕಯಂತ್ರಕ್ಕೂ ಅನ್ವಯಿಸುತ್ತದೆ.

ಕೊನೆಯದಾಗಿ ಒಂದು ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ. ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅವರು ಹುಟ್ಟಿದ್ದು ನಾರಾಯಣದೇವರಕೆರೆಯಲ್ಲಿ. ಆ ಊರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. 1953ರಲ್ಲಿ ಅಣೆಕಟ್ಟಿನ ಕೆಲಸ ಮುಗಿದಾಗ ಇವರಿಗೆ ಎಂಟೋ ಒಂಬತ್ತೋ ವರ್ಷ. ನಾನು ಗಣಕಯಂತ್ರದ ಮುಂದೆ ಕುಳಿತದ್ದನ್ನು ಕಂಡು ಅವರು ಒಂದು ಸಂಜೆ ಕೇಳಿದರು: “ಮೇಷ್ಟ್ರೇ, ಎಲ್ಲಾ ಊರೂ ಅದರಾಗ ಸಿಗ್ತಾವಂತಲ್ಲ, ನಮ್ಮೂರು ಐತೇನು ನೋಡ್ರಿ.”

ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರ್ 1904ರಲ್ಲಿ ಅಚ್ಚಾದದ್ದು. ಅದಕ್ಕೆ ಅಣೆಕಟ್ಟಿನ ಸುದ್ದಿ ತಿಳಿಯದು. ಅದರಲ್ಲಿ ನಾರಾಯಣದೇವರಕೆರೆ ಇನ್ನೂ ಒಣನೆಲದ ಮೇಲೆಯೇ ಇದೆ. ಪುಟವನ್ನು ತೆರೆದು ಊರಿನ ಹೆಸರನ್ನು ತೋರಿಸಿದೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಅವರು ಅಕ್ಷರಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹೆಸರೈತ್ರಿ ಮೇಷ್ಟ್ರೇ. ಊರಿಲ್ಲ” ಎಂದರು.

“ಹಾಗಾದರೆ ಊರನ್ನು ನೀವು ಹೇಳಿ ಯಜಮಾನರೇ, ನಾನು ಬರೆದುಕೊಳ್ಳುತ್ತೇನೆ” ಎಂದೆ.

ನಾಲ್ಕು ಸಂಜೆ ಅವರು ಹೇಳಿದರು. ತೇರು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತಿತ್ತು, ಸಿಹಿನೀರಿನ ಬಾವಿ ಯಾವುದು, ಸಂತೆ ಎಲ್ಲಿ, ಯಾರ ಮನೆಯ ಕಟ್ಟೆಯ ಮೇಲೆ ಮಕ್ಕಳು ಆಡುತ್ತಿದ್ದರು, ಗಂಟುಮೂಟೆ ಕಟ್ಟಿದ ದಿನ ಅವರ ಅಜ್ಜಿ ಬಾಗಿಲಿನ ಹೊಸ್ತಿಲನ್ನು ಹೇಗೆ ಬಿಚ್ಚಿಸಿ ಗಾಡಿಗೆ ಹಾಕಿಸಿದಳು ಎಂಬುದನ್ನೆಲ್ಲ ಹೇಳಿದರು. ಮೊಮ್ಮಗಳು ಅವರ ಮಾತನ್ನು ಧ್ವನಿಮುದ್ರಿಸಿಕೊಂಡಳು. ಅವರೇ ಪೆನ್ಸಿಲು ಹಿಡಿದು ನಡುಗುವ ಕೈಯಲ್ಲಿ ಬೀದಿಗಳನ್ನು ಗೀಚಿಕೊಟ್ಟರು. ಮೆಕೆಂಜಿಯ ಕಾಲದಲ್ಲಾಗಿದ್ದರೆ ಇದನ್ನೇ ಕೈಫಿಯತ್ತು ಎನ್ನುತ್ತಿದ್ದರು. ಆ ನಕ್ಷೆಗೆ ಮೂರು ಪ್ರತಿ ಮಾಡಿಸಿದೆವು. ಒಂದು ಅವರ ಮನೆಯಲ್ಲಿದೆ. ಒಂದು ಮರಿಯಮ್ಮನಹಳ್ಳಿಯಲ್ಲಿರುವ ಅವರ ಬಂಧುಗಳ ಮನೆಯಲ್ಲಿದೆ. ಇನ್ನೊಂದು ನನ್ನ ಬಳಿ, 1981ರ ಆ ನೋಟುಪುಸ್ತಕದ ಒಳಗೆ ಇದೆ.

ಶ್ರೋತೃಗಳೆ, ದೂರದ ರಾಷ್ಟ್ರೀಯ ಗ್ರಂಥಾಲಯಗಳು ನಮ್ಮ ಊರಿನ ಕಾಗದಗಳನ್ನು ಕಾಪಾಡಿ ನಮ್ಮ ಮನೆಯ ಬಾಗಿಲಿಗೆ ತಂದುಕೊಟ್ಟಿವೆ. ಅವು ನಮ್ಮಿಂದ ಹೇಗೆ ಅಲ್ಲಿಗೆ ಹೋದವು ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ. ಕಾಪಾಡಿದ್ದಕ್ಕೆ ಕೃತಜ್ಞತೆ ಹೇಳುವ ಕರ್ತವ್ಯವೂ ಇದೆ. ಆದರೆ ಅವರು ಕೊಡಬಲ್ಲದ್ದು ಹೆಸರನ್ನು. ಊರನ್ನು ಕೊಡಬೇಕಾದವರು ನಾವು. ಹೊಸಪೇಟೆಯ, ಕಂಪ್ಲಿಯ, ಸಂಡೂರಿನ ಹಳೆಯ ಮನೆಗಳ ಅಟ್ಟದ ಮೇಲೆ ಎಷ್ಟು ಕಡತಗಳು, ಲೆಕ್ಕದ ಪುಸ್ತಕಗಳು, ಮದುವೆಯ ಛಾಯಾಚಿತ್ರಗಳು ಬಿದ್ದಿವೆಯೋ! ಈ ದೀಪಾವಳಿಗೆ ಅಟ್ಟ ಗುಡಿಸುವಾಗ ಅವನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿ. ಚಿತ್ರಗಳ ಹಿಂದೆ, ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮೃದುವಾದ ಪೆನ್ಸಿಲಿನಲ್ಲಿ ಬರೆದಿಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಬರೆದಿಡಿ. ಎರಡು ಪ್ರತಿ ಮಾಡಿ. ಒಂದನ್ನು ಬೇರೆ ಮನೆಯಲ್ಲಿಡಿ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಣಕಯಂತ್ರದ ವಿದ್ಯೆ ಅವರಿಗೆ ಗೊತ್ತು. ಯಾವ ಹೆಸರನ್ನು ಹುಡುಕಬೇಕೆಂಬುದು ನಿಮಗೆ ಗೊತ್ತು.



(ಆಕಾಶವಾಣಿಯ ಸೌಜನ್ಯದಿಂದ)